ಬನ್ನಿಯಿಂದ ಹುಣ್ಣಿಮೆಯವರೆಗೆ

ವಿಜಯದಶಮಿಯಿಂದ ಹುಣ್ಣಿಮೆಗೆ ಐದೇ ದಿನ. ನವರಾತ್ರಿಯ ಗದ್ದಲ ಮುಗಿದಿರುತ್ತದೆ, ದೀಪಾವಳಿ ಇನ್ನೂ ದೂರವಿರುತ್ತದೆ. ಆಯುಧ ಪೂಜೆಗೆ ಬೈಕಿಗೆ ಕಟ್ಟಿದ್ದ ಬಾಳೆಕಂದು ಬಾಡಿ ಜೋತುಬಿದ್ದಿರುತ್ತದೆ, ಬಿಚ್ಚಲು ಯಾರಿಗೂ ಅವಸರವಿರುವುದಿಲ್ಲ. ಮಕ್ಕಳಿಗೆ ಶಾಲೆಯಿಲ್ಲ. ಹಸ್ತ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾಗರ ಸೀಮೆಯ ನಮ್ಮಂತಹ ಮನೆಗಳಲ್ಲಿ ಈ ಐದು ದಿನಗಳಿಗೆ ಬೇರೆಯದೇ ನಡಿಗೆ ಇದೆ.

ಆಶ್ವಯುಜದ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದವರು ಅದನ್ನೇ ಸೀಗೆ ಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಗದ್ದೆಯ ಭತ್ತ ಹೊಡೆಯಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಗರಿಯ ಒಳಗೆ ಉಬ್ಬಿಕೊಂಡಿರುತ್ತದೆ. ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಬಡಿಸದೆ ಇರಲಾದೀತೇ? ಆ ಊಟವನ್ನು ಹೊತ್ತೊಯ್ಯುವ ಚಿತ್ರದ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಎಂದು ಹೆಸರು. ದೊಡ್ಡದೊಂದು, ಚಿಕ್ಕದೊಂದು, ಒಟ್ಟು ಎರಡು.

ಈ ವರ್ಷ ಐದು ದಿನವನ್ನೂ ಊರಿನಲ್ಲೇ ಕಳೆಯಬೇಕೆಂದು ಮೊದಲೇ ರಜೆ ಹಾಕಿದ್ದೆ. ಬೇರೆ ವರ್ಷಗಳಲ್ಲಿ ಹುಣ್ಣಿಮೆಯ ಹಿಂದಿನ ರಾತ್ರಿ ಬಂದು, ಗದ್ದೆಯಲ್ಲಿ ಉಂಡು, ಸಂಜೆಗೇ ಹೊರಟವಳು ನಾನು. ಬುಟ್ಟಿಯನ್ನು ಯಾವಾಗಲೂ ಮುಗಿದ ಮೇಲೆಯೇ ನೋಡಿದ್ದು. ಅದು ಆಗುವುದನ್ನು ನೋಡಿ ಇಪ್ಪತ್ತು ವರ್ಷಗಳಾದರೂ ಆಗಿದ್ದವು. ತಾಳಗುಪ್ಪದ ರಾತ್ರಿ ರೈಲಿನಲ್ಲಿ ಹೊರಟು, ದಶಮಿಯ ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಮಗಳ ಕೈ ಹಿಡಿದು ಇಳಿದಾಗ ಮಂಜು ಹಳಿಯ ಮಟ್ಟಕ್ಕೆ ಇಳಿದಿತ್ತು. ಅಣ್ಣ ಬೈಕಿನ ಬದಲು ಪಕ್ಕದ ಮನೆಯವರ ಓಮ್ನಿ ತಂದಿದ್ದ.

ಅವ್ವ ಆ ಹೊತ್ತಿಗಾಗಲೇ ಬುಟ್ಟಿಗಳಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು ಜಗಲಿಯ ನೆರಳಿನಲ್ಲಿ ಒಣಗಲಿಟ್ಟಿದ್ದಳು. ಬಿಸಿಲಿಗೆ ಇಟ್ಟರೆ ಮಣ್ಣು ಬಿರಿಯುತ್ತದೆ. ಸಂಜೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದದ್ದಾಯಿತು. ರಾತ್ರಿ ಮಲಗುವ ಮುನ್ನ ಮಗಳು ಬುಟ್ಟಿಯ ಮೈ ಮುಟ್ಟಿ ನೋಡಿ, "ಅಜ್ಜಿ, ಇದು ಇನ್ನೂ ತಣ್ಣಗಿದೆ" ಎಂದಳು. "ತಣ್ಣಗಿರುವವರೆಗೆ ಮುಟ್ಟಬಾರದು. ನಾಳೆ ನಿನ್ನ ಕೆನ್ನೆಯ ಹಾಗೆ ಆಗುತ್ತದೆ, ಆಗ ಬರೆಯೋಣ" ಎಂದಳು ಅವ್ವ.

ಏಕಾದಶಿಯ ದಿನ ಎಲ್ಲಿಗೂ ಹೋಗಲಿಲ್ಲ. ನೆನೆಸಿದ ಅಕ್ಕಿಯನ್ನು ಅವ್ವ ಒರಳಿನಲ್ಲೇ ಅರೆದಳು, ಮಿಕ್ಸಿಯಲ್ಲಿ ನುಣುಪು ಬರುವುದಿಲ್ಲವಂತೆ. ಕುಂಚ ಪುಂಡಿ ನಾರಿನದು. ಬೆರಳುದ್ದದ ನಾರಿನ ತುದಿಯನ್ನು ಕಲ್ಲಿನ ಮೇಲೆ ಜಜ್ಜಿ, ಬಾಯಲ್ಲಿ ಕಚ್ಚಿ ಹದ ಮಾಡಿ, ನಾಲ್ಕೈದು ಎಳೆ ಮಾತ್ರ ಉಳಿಸಿಕೊಳ್ಳಬೇಕು. ಅದನ್ನು ಹಿಟ್ಟಿನಲ್ಲಿ ಅದ್ದಿ, ತಟ್ಟೆಯ ಅಂಚಿಗೆ ಒರೆಸಿ, ಬುಟ್ಟಿಯ ಕಂಠದಿಂದ ಕೆಳಗೆ ಎಳೆದರೆ ಮೊದಲು ಏನೂ ಕಾಣುವುದಿಲ್ಲ. ಒದ್ದೆ ಗೆರೆ ಕೆಂಪಿನೊಳಗೆ ಮಾಯವಾಗುತ್ತದೆ. ಒಂದು ನಿಮಿಷ ಕಾದರೆ, ಒಣಗುತ್ತ ಒಣಗುತ್ತ ಬಿಳಿ ಮೇಲೆದ್ದು ಬರುತ್ತದೆ. ಬರೆಯುವವರು ಕಣ್ಣಿಗೆ ಕಾಣದ ಗೆರೆಯ ಪಕ್ಕದಲ್ಲಿ ಮುಂದಿನ ಗೆರೆ ಎಳೆಯಬೇಕು. ಎಲ್ಲಿ ಎಳೆದೆ ಎಂಬುದನ್ನು ಕೈಯೇ ನೆನಪಿಟ್ಟುಕೊಳ್ಳಬೇಕು.

ಅವ್ವನ ಬಲಗೈ ನಡುಗುತ್ತಿತ್ತು.

ಫೋನಿನಲ್ಲಿ ಹೇಳಿದ್ದಳು, ಕೈ ಸ್ವಲ್ಪ ಅದುರುತ್ತದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು. ಚಹಾದ ಲೋಟ ಹಿಡಿದಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಪುಂಡಿ ನಾರಿನ ತುದಿಯಲ್ಲಿ ಗೊತ್ತಾಯಿತು. ಮೊದಲ ಎಳೆ ನೇರವಾಗಿ ಇಳಿದು ನಡುವಿಗೆ ಬಂದಾಗ ಹಾವಿನ ಹಾಗೆ ಬಳುಕಿತು. ಅವ್ವ ಒದ್ದೆ ಬಟ್ಟೆಯಿಂದ ಒರೆಸಿ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಮತ್ತೆ ಎಳೆದಳು. ಮೂರನೆಯ ಸಲಕ್ಕೆ ಗೆರೆ ನಿಂತಿತು. ಹೀಗೆ ಒಂದೊಂದು ಎಳೆಗೆ ಮೂರು ಸಲವಾದರೆ ಬುಟ್ಟಿ ತುಂಬುವುದು ಯಾವಾಗ? "ಕೊಡು ಅವ್ವ, ನಾನು ಎಳೆಯುತ್ತೇನೆ" ಎಂದೆ. ಅವಳು ಕೊಟ್ಟಳು. ನನ್ನ ಕೈ ನಡುಗಲಿಲ್ಲ, ಆದರೆ ಗೆರೆ ಎಲ್ಲಿಗೆ ಹೋಗಬೇಕೆಂಬುದು ನನ್ನ ಕೈಗೆ ತಿಳಿದಿರಲಿಲ್ಲ. ನನ್ನ ವಯಸ್ಸಿನ ಹುಡುಗಿಯರು ಜಗಲಿಯಲ್ಲಿ ಕುಳಿತು ಚಿತ್ತಾರ ಕಲಿಯುತ್ತಿದ್ದಾಗ ಅವ್ವ ನನ್ನನ್ನು ಒಳಗೆ ಕಳುಹಿಸಿ ಓದಲು ಕೂರಿಸುತ್ತಿದ್ದಳು. ಅವಳ ಹಟದಿಂದಲೇ ನಾನು ಇವತ್ತು ಇರುವಲ್ಲಿ ಇದ್ದೇನೆ. ಅದಕ್ಕೆ ತೆತ್ತ ಬೆಲೆಗಳಲ್ಲಿ ಇದೂ ಒಂದು ಎಂದು ಆ ಜಗಲಿಯಲ್ಲಿ ಕುಳಿತಾಗ ಅನ್ನಿಸಿತು.

ಅವ್ವ ಚಿಕ್ಕ ಬುಟ್ಟಿಯನ್ನು ಮಗಳ ಮುಂದಿಟ್ಟಳು. ಹತ್ತು ವರ್ಷದ ಹುಡುಗಿ ನಾಲಿಗೆಯ ತುದಿ ಹೊರಗೆ ಹಾಕಿ, ಉಸಿರು ಹಿಡಿದು ಒಂದು ಗೆರೆ ಎಳೆದಳು. ಅಜ್ಜಿ ಪಕ್ಕದಲ್ಲಿ ಕುಳಿತು ಬಾಯಿಯಲ್ಲೇ ಬರೆಸಿದಳು: ಇಲ್ಲಿಂದ ಇಲ್ಲಿಗೆ, ಈಗ ಅಡ್ಡ, ಈಗ ಏಣಿ, ಈಗ ಜೋಗಿ ಜಡೆ, ಈಗ ಸಸಿ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬುಟ್ಟಿಯಲ್ಲಿ ಅವ್ವನ ಒಂದು ಮಗ್ಗುಲು, ಚಿಕ್ಕ ಬುಟ್ಟಿಯಲ್ಲಿ ಮಗಳ ಎರಡು ಮಗ್ಗುಲು ಮುಗಿದಿದ್ದವು. ನಾನು ಅಕ್ಕಿಹಿಟ್ಟು ಕದಡಿ ಕೊಡುತ್ತಿದ್ದೆ. ಆ ಕೆಲಸ ನನಗೆ ಹಿಡಿಸಿತು.

ದ್ವಾದಶಿಗೆ ಅವ್ವನನ್ನು ಕರೆದುಕೊಂಡು ತುಮರಿ ಕಡೆಯ ಚಿಕ್ಕಮ್ಮನ ಮನೆಗೆ ಹೊರಟೆವು. ಈಚೆಯವರಿಗೆ ಅದು ಸಿಗಂದೂರಿನ ದಾರಿ. ಅವ್ವನಿಗೆ ಅದು ತವರಿನ ದಾರಿ, ಆದರೆ ತವರು ಮಾತ್ರ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿದಾಗ ಮುಳುಗಿದ ಊರುಗಳಲ್ಲಿ ಅವಳದೂ ಒಂದು. ಆಗ ಅವಳಿಗೆ ಆರು ವರ್ಷ. ಮನೆಗಳವರನ್ನು ಸಾಮಾನಿನ ಜೊತೆ ಲಾರಿಗಳಲ್ಲಿ ತುಂಬಿ ಜಿಲ್ಲೆಯ ಕಂಡಕಂಡ ಕಾಡುಗಳ ಅಂಚಿನಲ್ಲಿ ಇಳಿಸಿದರು. ಆ ನೆಲಕ್ಕೆ ಹಕ್ಕುಪತ್ರ ಕೇಳುತ್ತ ಅಲೆಯುವವರು ಈಗಲೂ ಇದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟ ಜನ ಅವರು. ಹಿನ್ನೀರಿನ ಆಚೆ ಉಳಿದವರು ಸಾಗರಕ್ಕೆ ಬರಲು ಅರವತ್ತು ವರ್ಷ ಲಾಂಚ್ ಕಾದರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬಸುರಿಯಾದರೂ ಸರಿ, ಹಾವು ಕಚ್ಚಿದವರಾದರೂ ಸರಿ, ಸುತ್ತುಬಳಸಿನ ಕಾಡುದಾರಿಯೇ ಗತಿ. ಚಿಕ್ಕಮ್ಮನ ಮೊದಲ ಹೆರಿಗೆಗೆ ನೋವು ಶುರುವಾದದ್ದು ಲಾಂಚಿನಲ್ಲಿಯೇ ಎಂದು ಅವ್ವ ಎಷ್ಟೋ ಸಲ ಹೇಳಿದ್ದಾಳೆ.

2025ರ ಜುಲೈನಲ್ಲಿ ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ತೂಗು ಕೇಬಲ್‌ಗಳ ಸೇತುವೆ ತೆರೆಯಿತು. ಉದ್ದ 2.44 ಕಿಲೋಮೀಟರ್. ಅವ್ವ ಅದನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದ್ದಳು. ಆಚೆ ದಡ ಮುಟ್ಟುತ್ತಲೇ ಅಣ್ಣನಿಗೆ ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಮಳೆಗಾಲ ಮುಗಿದ ಹೊತ್ತು, ಹಿನ್ನೀರು ದಡದ ಮರಗಳ ಬುಡಕ್ಕೆ ಬಂದು ನಿಂತಿತ್ತು. ಅವ್ವ ಹಣೆಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೀರನ್ನೇ ನೋಡಿದಳು. ದೂರದಲ್ಲಿ ಬೋಳುಗುಡ್ಡದ ನೆತ್ತಿಯೊಂದು ದ್ವೀಪದ ಹಾಗೆ ಕಾಣುತ್ತಿತ್ತು. "ಅದರ ಕೆಳಗೆ ನಮ್ಮ ಗದ್ದೆ. ಆ ಗುಡ್ಡದಲ್ಲಿ ದನ ಮೇಯುತ್ತಿದ್ದವು. ಭೂಮಿ ಹುಣ್ಣಿಮೆಗೆ ನನ್ನ ಅವ್ವ ಬುಟ್ಟಿ ಹೊತ್ತು ಮುಂದೆ, ನಾನು ದೊಂದಿ ಹಿಡಿದು ಹಿಂದೆ" ಎಂದಳು.

ಮಗಳು ಕೇಳಿದಳು: "ಅಜ್ಜಿ, ಊರು ಮುಳುಗುವಾಗ ಬುಟ್ಟಿಯನ್ನು ತಂದಿರಾ?"

"ಬುಟ್ಟಿಗೇನು, ಬಿದಿರು ಎಲ್ಲಿ ಬೇಕಾದರೂ ಸಿಗುತ್ತದೆ. ಬಿತ್ತನೆಯ ಒಂದು ಮುಡಿ ಭತ್ತ ತಂದೆವು."

ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದಾಗ ಗಂಟೆ ಮೂರು. ಅಕ್ಕತಂಗಿಯರು ಪಕ್ಕಪಕ್ಕ ಕುಳಿತು, ಒಬ್ಬರ ಎಲೆಗೆ ಇನ್ನೊಬ್ಬರು ಬಡಿಸುತ್ತ, ಹೆಚ್ಚು ಮಾತೇನೂ ಆಡದೆ ಉಂಡರು. ಹೊರಡುವಾಗ ಚಿಕ್ಕಮ್ಮ ಅಭ್ಯಾಸ ಬಲದಿಂದ, "ಲಾಂಚಿಗೆ ಹೊತ್ತಾಯಿತು, ಬೇಗ ಹೊರಡಿ" ಎಂದಳು. ಹೇಳಿದ ಮೇಲೆ ಅವಳಿಗೇ ನೆನಪಾಗಿ ಸುಮ್ಮನಾದಳು. ನಂತರ ಅವ್ವನ ಕೈ ಹಿಡಿದು ಮತ್ತೆ ಜಗಲಿಯಲ್ಲಿ ಕೂರಿಸಿದಳು. ಅಂದು ನಾವು ಕತ್ತಲಾದ ಮೇಲೆ ಹೊಳೆ ದಾಟಿದೆವು. ಅಕ್ಕನನ್ನು ದೀಪ ಹಚ್ಚುವ ಹೊತ್ತಿನವರೆಗೂ ಉಳಿಸಿಕೊಂಡದ್ದು ಅದೇ ಮೊದಲು ಎಂದು ಚಿಕ್ಕಮ್ಮ ರಾತ್ರಿ ಫೋನು ಮಾಡಿ ಹೇಳಿದಳು.

ಬರುವ ದಾರಿಯಲ್ಲಿ ಅಣ್ಣ ಒಂದು ವಿಷಯ ತೆಗೆದ. ನಮ್ಮ ಮನೆಗೆ ಮೊದಲು ಎರಡು ಎಕರೆ ಗದ್ದೆಯಿತ್ತು. ಏಳು ವರ್ಷಗಳ ಹಿಂದೆ ಅದರಲ್ಲಿ ಹೆಚ್ಚಿನ ಭಾಗಕ್ಕೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಟ್ಟದ್ದಾಯಿತು. ಉಳಿದಿರುವುದು ಹನ್ನೆರಡು ಗುಂಟೆ. ಅವ್ವ ಪಟ್ಟು ಹಿಡಿದು ಉಳಿಸಿಕೊಂಡದ್ದು ಅದು. ಬರುವ ಬೇಸಿಗೆಯಲ್ಲಿ ಅದನ್ನೂ ತೋಟ ಮಾಡೋಣವೇ ಎಂಬುದು ಅಣ್ಣನ ಪ್ರಶ್ನೆ. ಅವನು ಕೇಳಿದ್ದು ನನ್ನನ್ನು. ಅವ್ವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿತ್ತೋ ಇಲ್ಲವೋ.

ಅಣ್ಣನನ್ನು ನಾನು ದೂರುವುದಿಲ್ಲ. ನೆಟ್ಟಿಗೆ ಆಳು ಸಿಗುವುದಿಲ್ಲ. ಸಿಕ್ಕರೆ ಹನ್ನೆರಡು ಗುಂಟೆಗೆಂದು ಯಾರೂ ಬರುವುದಿಲ್ಲ. ಟ್ರ್ಯಾಕ್ಟರ್ ಇಳಿಸಲು ದಾರಿಯಿಲ್ಲ, ಸುತ್ತ ತೋಟ. ಕಾಡುಹಂದಿ, ನವಿಲು, ಮಂಗ ಎಲ್ಲದಕ್ಕೂ ಊರಿನಲ್ಲಿ ಉಳಿದಿರುವ ಮೇವು ನಮ್ಮದೊಂದೇ ಗದ್ದೆ. ವರ್ಷದ ಅಕ್ಕಿಯನ್ನು ಅಂಗಡಿಯಿಂದ ತಂದರೆ ಆಗುವ ಖರ್ಚು ಭತ್ತ ಬೆಳೆಯುವ ಖರ್ಚಿಗಿಂತ ಕಡಿಮೆ. ಅಡಿಕೆಗೂ ಕಷ್ಟ ತಪ್ಪಿದ್ದಲ್ಲ, ಮಳೆಗಾಲವಿಡೀ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಈಚೆಗೆ ಎಲೆಚುಕ್ಕಿ ರೋಗ ಬೇರೆ. ಆದರೂ ಮಗನ ಕಾಲೇಜಿನ ಶುಲ್ಕ ಬರುವುದು ತೋಟದಿಂದಲೇ, ಗದ್ದೆಯಿಂದಲ್ಲ. ಬೆಂಗಳೂರಿನಲ್ಲಿ ಕುಳಿತು ಗದ್ದೆ ಉಳಿಯಲಿ ಎನ್ನಲು ನನಗೆ ಏನು ಹಕ್ಕಿದೆ ಎಂದು ಯೋಚಿಸಿದೆ. "ಹುಣ್ಣಿಮೆ ಮುಗಿಯಲಿ ಅಣ್ಣ" ಎಂದಷ್ಟೇ ಹೇಳಿದೆ.

ತ್ರಯೋದಶಿಗೆ ನನ್ನ ಗಂಡ ಬಂದರು, ಮಗಳನ್ನು ಜೋಗಕ್ಕೆ ಕರೆದುಕೊಂಡು ಹೋದರು. 253 ಮೀಟರ್ ಮೇಲಿಂದ ಬೀಳುವ ನೀರನ್ನು ಮಂಜು ಅರ್ಧ ದಿನ ಮುಚ್ಚಿಟ್ಟುಕೊಂಡಿತ್ತಂತೆ, ಕೊನೆಗೆ ಐದು ನಿಮಿಷ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವಂತೆ. ಅಷ್ಟಕ್ಕೇ ಮಗಳು ಕುಣಿಯುತ್ತ ಬಂದಳು.

ಅದೇ ದಿನ ಸಂಜೆ ಅಣ್ಣ, ಅತ್ತಿಗೆ, ನಾನು ಇಕ್ಕೇರಿಗೆ ಹೋದೆವು. ಚಿಕ್ಕವರಿದ್ದಾಗ ಅಘೋರೇಶ್ವರ ದೇವಸ್ಥಾನದ ಎದುರಿನ ದೊಡ್ಡ ನಂದಿಯ ಸುತ್ತ ನಾವು ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಕೆಳದಿ ಅರಸರ ರಾಜಧಾನಿಯಾಗಿದ್ದ ಊರಿನಲ್ಲಿ ಈಗ ಉಳಿದಿರುವ ದೊಡ್ಡ ಕಟ್ಟಡ ಇದೊಂದೇ. ಅಂದು ಸಂಜೆ ಪ್ರವಾಸಿಗರು ಯಾರೂ ಇರಲಿಲ್ಲ. ಒಳಗೆ ನಡುವಿನ ಎರಡು ಕಂಬಗಳ ಮಧ್ಯೆ ನಿಂತು ಅಣ್ಣ ಹೆಜ್ಜೆ ಹಾಕಿ ಅಳೆದ. ಈ ಕಂಬಗಳ ನಡುವಿನ ಅಂತರವನ್ನೇ ಹಿಂದೆ ತೋಟದ ಭೂಮಿಗೆ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಶಿವಪ್ಪನಾಯಕನ ಶಿಸ್ತು ಎಂದು ಇಂದಿಗೂ ಹೆಸರಾದ ಕಂದಾಯದ ಏರ್ಪಾಡು ಇದೇ ನೆಲದ್ದು, 17ನೆಯ ಶತಮಾನದ್ದು. ದೇವರ ಮನೆಯ ಅಳತೆಯಿಂದ ತೋಟವನ್ನು ಅಳೆದ ಜನ ನಾವು. ಅಡಿಕೆ ನಿನ್ನೆ ಮೊನ್ನೆ ಬಂದದ್ದಲ್ಲ ಎಂಬುದು ಆ ಕಂಬಗಳ ನಡುವೆ ನಿಂತಾಗ ನನಗೆ ಸರಿಯಾಗಿ ಮನಸ್ಸಿಗೆ ಬಂತು. ಆದರೆ ಆಗ ಕಣಿವೆಯಲ್ಲಿ ತೋಟ, ಬಯಲಿನಲ್ಲಿ ಗದ್ದೆ, ಎರಡೂ ಇದ್ದವು. ಇದನ್ನು ಅಣ್ಣನಿಗೆ ಹೇಳಿದೆ. ಅವನು ಕಂಬಕ್ಕೆ ಒರಗಿ, "ಆಗ ಮನೆಯಲ್ಲಿ ಇಪ್ಪತ್ತು ಜನರೂ ಇದ್ದರು" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಚತುರ್ದಶಿಯ ತಿರುಗಾಟ ಎಲ್ಲಕ್ಕಿಂತ ಚಿಕ್ಕದು. ಈ ವಾರದಲ್ಲಿ ಒಂದೇ ಒಂದು ದಿನವನ್ನು ನನಗೆ ಮರಳಿ ಕೊಡುವುದಾದರೆ ನಾನು ಅದನ್ನೇ ಕೇಳಿಕೊಳ್ಳುತ್ತೇನೆ. ಭೂಮಿಗೆ ಬಡಿಸುವ ಅಂಬಲಿಗೆ ಬೆರಕೆ ಸೊಪ್ಪು ಬೇಕು, ನೂರೊಂದು ಕುಡಿ ಎನ್ನುವುದು ಮಾತು. ಅವ್ವ ಸೆರಗನ್ನು ಮಡಿಲು ಮಾಡಿ ಕಟ್ಟಿಕೊಂಡು ಮುಂದೆ ನಡೆದಳು, ಮಗಳು ಮತ್ತು ನಾನು ಹಿಂದೆ. ಗದ್ದೆಯ ಅಂಚು, ತೋಟದ ಕಾಲುವೆ, ಹಾಳುಬಿದ್ದ ಕೊಟ್ಟಿಗೆಯ ಹಿಂಭಾಗ, ಬೇಲಿಯ ಬುಡ ಎಲ್ಲವನ್ನೂ ಸುತ್ತಿದೆವು. ಚಗಟೆ, ಒಂದೆಲಗ, ಹೊನಗೊನ್ನೆ, ಗಣಿಕೆ, ಕೆಸುವಿನ ಎಳೆಯ ಸುರುಳಿ, ಕನ್ನೆಕುಡಿ. ನಾನು ಕಳೆ ಎಂದು ತುಳಿದು ನಡೆದದ್ದರ ಪಕ್ಕ ಅವ್ವ ಬಗ್ಗಿ, ಹೆಸರು ಹೇಳಿ, ಎರಡು ಬೆರಳಿನಲ್ಲಿ ತುದಿಯನ್ನಷ್ಟೇ ಚಿವುಟುತ್ತಿದ್ದಳು. ಆ ಕೆಲಸದಲ್ಲಿ ಅವಳ ಕೈ ನಡುಗಲಿಲ್ಲ. ಅದು ಹೇಗೆಂದು ನನಗೆ ತಿಳಿಯದು, ಕಣ್ಣಾರೆ ನೋಡಿದೆ. ಒಂದು ಗಿಡದಿಂದ ಎರಡಕ್ಕಿಂತ ಹೆಚ್ಚು ಕುಡಿ ಚಿವುಟಲಿಲ್ಲ. ಮಗಳು ನೋಟುಪುಸ್ತಕದಲ್ಲಿ ಹೆಸರುಗಳನ್ನು ಬರೆದುಕೊಂಡಳು. ಇಪ್ಪತ್ತೇಳು ಬಗೆ ಆದವು. "ಅಜ್ಜಿ, ಇನ್ನೂ ಎಪ್ಪತ್ನಾಲ್ಕು ಬೇಕು" ಎಂದಳು.

"ಇರಲಿ ಮಗ, ಭೂಮಿತಾಯಿ ಎಣಿಸುವುದಿಲ್ಲ."

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಅತ್ತಿಗೆ ಸೌತೆಕಾಯಿ ತುರಿದು ಬಾಳೆಎಲೆಯಲ್ಲಿ ಕಡುಬು ಕಟ್ಟಿದಳು. ಅಮಟೆಕಾಯಿ, ಹೀರೆಕಾಯಿ, ಗುಂಬಳ ಒಂದೊಂದೇ ಒಲೆಯಿಂದ ಇಳಿದವು. ಅಪ್ಪ ಕಾಯಿ ಸುಲಿದು ತುರಿದು ಕೊಡುತ್ತಿದ್ದ. ವರ್ಷಕ್ಕೊಮ್ಮೆ ಅಡುಗೆಮನೆಯಲ್ಲಿ ಅಪ್ಪನಿಗೆ ಇರುವ ಕೆಲಸ ಅದು, ಅದನ್ನು ಬೇರೆಯವರಿಗೆ ಬಿಡುವುದಿಲ್ಲ. ಎರಡು ಗಂಟೆಯ ಸುಮಾರಿಗೆ ಅವ್ವ ದೊಡ್ಡ ಬುಟ್ಟಿಯನ್ನು ದೀಪದ ಮುಂದೆ ತಿರುಗಿಸಿ ನೋಡಿದಳು. ಮೂರು ಮಗ್ಗುಲು ಅವಳದು, ಒಂದು ಮಗ್ಗುಲು ಮಗಳದು. ಅವಳ ಎಳೆಗಳಲ್ಲಿ ಅಲ್ಲಲ್ಲಿ ಸಣ್ಣ ಅಲೆ ಉಳಿದಿತ್ತು. ಒರೆಸಿ ಮತ್ತೆ ಬರೆಯಬಹುದಿತ್ತು, ಬರೆಯಲಿಲ್ಲ.

ಹುಣ್ಣಿಮೆಯ ಬೆಳಗಿನ ಜಾವ, ಚಂದ್ರ ಪಡುವಣದಲ್ಲಿ ಅಡಿಕೆ ತಲೆಗಳ ಮೇಲೆ ಇಳಿದಿದ್ದ. ಅವ್ವ ದೊಡ್ಡ ಬುಟ್ಟಿ ಹೊತ್ತಳು, ಮಗಳು ಚಿಕ್ಕದನ್ನು ಹೊತ್ತಳು. ಅಪ್ಪ ಬ್ಯಾಟರಿ ಹಿಡಿದಿದ್ದ. ಅಂಚಿನ ಹುಲ್ಲಿನ ಮೇಲೆಲ್ಲ ಜೇಡರ ಬಲೆ, ಬಲೆಯ ತುಂಬ ಇಬ್ಬನಿ. ನಾವು ಚಿಕ್ಕವರಿದ್ದಾಗ ಈ ಹೊತ್ತಿಗೆ ಬಯಲಿನ ನಾಲ್ಕೂ ಕಡೆ ದೊಂದಿಗಳು ಕಾಣುತ್ತಿದ್ದವು. ಭೂಮಿತಾಯಿ ಬಂದು ಅಂಬಲಿ ಉಣ್ಣಲಿ, ಬೇಲಿಯ ಮೇಲಿನ ಹೀರೆಕಾಯಿ ಉಣ್ಣಲಿ ಎಂದು ಒಂದು ಗದ್ದೆಯಿಂದ ಕೂಗಿದರೆ ಇನ್ನೊಂದು ಗದ್ದೆಯವರು ಹೂಗುಟ್ಟುತ್ತಿದ್ದರು. ಈ ಸಲ ಅಪ್ಪ ಕೂಗಿದ. ತೋಟಗಳ ಆಚೆಯಿಂದ, ತುಂಬ ದೂರದಿಂದ, ಒಂದೇ ಒಂದು ದನಿ ಹೂಗುಟ್ಟಿತು.

ಅಪ್ಪ, ಅಣ್ಣ ಗದ್ದೆಯ ಸುತ್ತ ಅಂಬಲಿ ಬೀರಿದರು. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಇಟ್ಟದ್ದಾಯಿತು. ಆಮೇಲೆ ಅವ್ವ ಕೊರಳಿನ ತಾಳಿಸರ ತೆಗೆದು ಭತ್ತದ ಒಂದು ಬುಡಕ್ಕೆ ತೊಡಿಸಲು ಹೋದಳು. ಚಳಿಗೋ ಏನೋ, ಕೈ ಮತ್ತೆ ನಡುಗಲು ಹಿಡಿಯಿತು. ಸರ ಗರಿಗೆ ಸಿಕ್ಕಿ ಸಿಕ್ಕಿ ಜಾರಿತು. ಅಣ್ಣ ಕೆಸರಿನಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಆ ಬುಡದ ಗರಿಗಳನ್ನು ಒಟ್ಟು ಮಾಡಿ, ಜಡೆಯ ಹಾಗೆ ಹಿಡಿದುಕೊಟ್ಟ. ಸರ ಇಳಿಯಿತು.

ಕೊನೆಗೆ ಒಂದು ಕಡುಬನ್ನು ಗದ್ದೆಯಲ್ಲಿ ಹೂಳುವುದು ವಾಡಿಕೆ. ಕೊಯ್ಲಿನ ದಿನ ಅದನ್ನು ತೆಗೆಯಬೇಕು. ಅಣ್ಣ ಕೈಯಿಂದಲೇ ಗುಂಡಿ ತೋಡಿದ. ಅವ್ವ ಕಡುಬು ಇಟ್ಟು ಮಣ್ಣು ಮುಚ್ಚಿ, "ಜಾಗ ನೆನಪಿಟ್ಟುಕೊ" ಎಂದಳು. ಅವನು ಏನೂ ಹೇಳಲಿಲ್ಲ. ಅಂಚಿಗೆ ಹೋಗಿ ಲಕ್ಕಿ ಗಿಡದ ಒಂದು ಗೂಟ ಮುರಿದು ತಂದು, ಕಡುಬಿನ ಪಕ್ಕದಲ್ಲಿ ಆಳವಾಗಿ ಊರಿದ. ಲಕ್ಕಿ ಎಲ್ಲಿ ಊರಿದರೂ ಚಿಗುರುತ್ತದೆ. ಅದು ಅವನಿಗೂ ಗೊತ್ತು.

ಬೆಳಕು ಹರಿದ ಮೇಲೆ ಅಂಚಿನ ಮೇಲೆ ಬಾಳೆಎಲೆ ಹಾಸಿ ಎಲ್ಲರೂ ಉಂಡೆವು.